ಅವರು ನೋಡಿರದ ಹೈದರಾಬಾದು

ಅದು ಅವರೆಕಾಯಿ ಕಾಲ. ಚಿಂತಾಮಣಿಯ ನಮ್ಮ ಮನೆಯ ಜಗಲಿಯಲ್ಲಿ ನಾನು ನೆನೆಸಿದ ಕಾಳು ಹಿದುಕುತ್ತಾ ಕೂತಿದ್ದೆ. ನಮ್ಮ ಯಜಮಾನರು ಎದುರಿಗೆ ಕೂತು ನೆರವಾಗುವವರ ಹಾಗೆ ನಟಿಸುತ್ತಿದ್ದರು. ನಿಜವಾಗಿ ಮಾಡುತ್ತಿದ್ದದ್ದು ಕಾಳನ್ನು ಬೆರಳ ಮಧ್ಯೆ ಒತ್ತಿ ನನ್ನ ಕೆನ್ನೆಗೆ ಗುರಿಯಿಟ್ಟು ಹಾರಿಸುವುದು. ಜೊತೆಗೆ ಕೊಳಾಯಿ ರಿಪೇರಿಗೆ ಬಂದವನಿಗೆ ಹೈದರಾಬಾದಿನ ವರ್ಣನೆ ನಡೆದಿತ್ತು. ಅವನು ಕೆಲಸ ಬಿಟ್ಟು ಬಾಯಿ ತೆರೆದು ಕೇಳುತ್ತಿದ್ದ. ಕೊಳಾಯಿ ಸೋರುತ್ತಲೇ ಇತ್ತು. ಮರುದಿನ ಅವರು ಎಂದಿನಂತೆ ದನದ ಸಂತೆಗೆ ಹೋದರು. ಒಂದು ಜೊತೆ ಎತ್ತಿನ ವ್ಯಾಪಾರ ಕುದುರಿಸಿ ಹುಣಸೆಮರದ ಕೆಳಗೆ ಕೂತರಂತೆ. ಮತ್ತೆ ಏಳಲಿಲ್ಲ.

ಅವರು ದನದ ದಳ್ಳಾಳಿ. ದಳ್ಳಾಳಿಗೆ ಬಂಡವಾಳ ಅಂದರೆ ಅವನ ಮಾತು. ಹೀಗಿರುವಾಗ ನಮ್ಮವರು ಮದುವೆಗೆ ಮುಂಚಿನಿಂದ ಒಂದು ಸುಳ್ಳನ್ನು ಸಾಕಿಕೊಂಡು ಬಂದಿದ್ದರು. ಹರೆಯದಲ್ಲಿ ಟೊಮೆಟೊ ಲಾರಿಯಲ್ಲಿ ಕ್ಲೀನರ್ ಆಗಿ ಹೈದರಾಬಾದಿಗೆ ಹೋಗಿದ್ದೆ, ಅಲ್ಲಿ ಒಂದು ತಿಂಗಳು ಇದ್ದೆ ಎನ್ನುವುದು ಆ ಸುಳ್ಳು. ನಿಜ ಏನೆಂದರೆ ಲಾರಿ ಅನಂತಪುರದಲ್ಲೇ ಕೆಟ್ಟು ನಿಂತು, ಟೊಮೆಟೊ ಕೊಳೆತು, ಇವರು ಬಸ್ಸು ಹತ್ತಿ ಮನೆಗೆ ಬಂದಿದ್ದರು. ಮದುವೆಯಾದ ಹೊಸದರಲ್ಲಿ ನನ್ನೊಬ್ಬಳಿಗೆ ಇದನ್ನು ಹೇಳಿದ್ದರು.

ನಮ್ಮಣ್ಣ ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಾನೆ. ಒಂದು ಸಲ ಗೂಡಿಗೆ ಒಳ್ಳೆಯ ಬೆಲೆ ಸಿಕ್ಕಿ, ಹಳೆಯ ಮಾರುತಿ ವ್ಯಾನ್ ಕೊಂಡ. ಹುಳುವಿನ ಮನೆ ಖಾಲಿ ಇದ್ದ ದಿನಗಳು. ವ್ಯಾನನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದ.

"ಭಾವ, ಹೈದ್ರಾಬಾದ್‌ಗೆ ಹೋಗಣ. ನೀವಿದ್ಮೇಲೆ ದಾರಿ ಕೇಳೋ ತಾಪತ್ರಯವೇ ಇಲ್ಲ."

ಯಜಮಾನರು ನನ್ನ ಮುಖ ನೋಡಿದರು. ನಾನು ಬೇಕೆಂದೇ ಹೇಳಿದೆ, "ಹೋಗಣ ಕಣ್ರಿ. ಅಲ್ಲಿ ನಿಮ್ಮನ್ನ ಇನ್ನೂ ನೆನಪಿಟ್ಕಂಡಿರೋರು ಯಾರಾದ್ರೂ ಸಿಕ್ತಾರೇನೋ."

ಅಣ್ಣ, ಅತ್ತಿಗೆ, ನಾವಿಬ್ಬರು. ಚೇಳೂರು, ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಹೊಕ್ಕೆವು. ಅನಂತಪುರದವರೆಗೆ ಯಜಮಾನರು ರಾಜನ ಹಾಗೆ ಕೂತಿದ್ದರು. ಯಾವ ತಿರುವಿನಲ್ಲಿ ಯಾವ ಹೋಟೆಲು ಎಂದೆಲ್ಲ ಹೇಳಿದರು, ಅಲ್ಲಿಯವರೆಗೆ ಅದು ನಿಜವೂ ಆಗಿತ್ತು. ಅನಂತಪುರ ದಾಟಿದ ಮೇಲೆ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡರು. ನಾನು ಕಿಟಕಿಯಲ್ಲಿ ಕಡಲೆಕಾಯಿ ಹೊಲ, ಬೋಳು ಗುಡ್ಡ, ಕಪ್ಪು ಮಣ್ಣು ನೋಡುತ್ತಿದ್ದೆ. ಕರ್ನೂಲಿನಲ್ಲಿ ಊಟಕ್ಕೆ ನಿಂತಾಗ ಗೋಂಗೂರ ಚಟ್ನಿಯ ಖಾರಕ್ಕೆ ಅಣ್ಣನ ಮೂಗು ಸೋರಿತು. ಗಡಿಸೀಮೆಯ ನಮ್ಮ ತೆಲುಗಿಗೆ ಬಡಿಸುವವನು ನಕ್ಕ. ಯಾವ ದೇಶದವರು ಅಂತಲೂ ಕೇಳಿದ.

ಹೈದರಾಬಾದಿಗೆ ಹೊಕ್ಕ ಮೇಲೆ ಯಜಮಾನರು ಹೆದರಲಿಲ್ಲ. ಅದೇ ಅವರ ಸೊಗಸು. ಪ್ರತಿ ಸರ್ಕಲ್ಲಿನಲ್ಲೂ ಕೈ ಚಾಚಿ "ಎಡಕ್ಕೆ ತಿರುಗಿಸಪ್ಪ" ಎನ್ನುತ್ತಿದ್ದರು. ಒಂದು ಎಡ ನಮ್ಮನ್ನು ಆಸ್ಪತ್ರೆಯ ಕಾಂಪೌಂಡಿಗೆ ತಂದಿತು. ಇನ್ನೊಂದು ಎಡಕ್ಕೆ ಬಂದೂಕು ಹಿಡಿದ ಸಿಪಾಯಿ ನಿಂತಿದ್ದ.

"ಭಾವ, ಇದ್ಯಾಕೋ ಮಿಲಿಟರಿ ಥರ ಇದೆ."

"ಆಗ ಇಲ್ಲೆಲ್ಲಾ ಬಯಲಿತ್ತು ಕಣಪ್ಪ. ಊರು ಬೆಳೆದುಬಿಟ್ಟಿದೆ."

ಎರಡು ದಿನ ಆ ಒಂದು ಮಾತಿನ ಮೇಲೆ ರಾಜಧಾನಿ ನೋಡಿದೆವು. ಬಿಳಿಯ ವಿಧಾನಸಭೆ ನೋಡಿ ಅತ್ತಿಗೆ "ಇದ್ಯಾರ ಅರಮನೆ ಅಣ್ಣಯ್ಯ?" ಎಂದರೆ, ಇವರು "ಎಲೆಕ್ಷನ್ ಗೆದ್ದೋರ್ದಮ್ಮ" ಎಂದು ತಪ್ಪಿಸಿಕೊಂಡರು. ಕೆರೆಯ ನಡುವೆ ನಿಂತ ಬುದ್ಧನನ್ನು ಕಂಡಾಗ ಮಾತ್ರ ಮೈಮರೆತು "ಅಬ್ಬಾ!" ಅಂದುಬಿಟ್ಟರು. ಅಣ್ಣ ತಟ್ಟನೆ ತಿರುಗಿದ. "ಮೊದಲ ಸಲ ನೋಡ್ದಂಗೆ ಆಡ್ತೀರಲ್ಲ ಭಾವ?" ನಾನು ಅಡ್ಡ ಬಾಯಿ ಹಾಕಿದೆ, "ನಾವು ದಿನಾ ನಮ್ಮೂರ ಅಂಬಾಜಿದುರ್ಗದ ಬೆಟ್ಟ ನೋಡಲ್ವಾ ಅಣ್ಣ, ಮಳೆ ಬಂದಾಗ ಅಬ್ಬಾ ಅನ್ನಲ್ವಾ?" ಅವನು ಮತ್ತೆ ಬುದ್ಧನ ಕಡೆ ತಿರುಗಿದ. ಅನುಮಾನ ಮಾತ್ರ ಹೋಗಲಿಲ್ಲ.

ಚಾರ್‌ಮಿನಾರ್ ಹತ್ತಿರದ ಬಳೆ ಅಂಗಡಿಯಲ್ಲಿ ಅವನಿಗೆ ಅವಕಾಶ ಸಿಕ್ಕಿತು. ನಮ್ಮ ಸಂತೆಯಲ್ಲಿ ದನದ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಯ ಮೇಲೆ ಟವೆಲ್ ಹೊದಿಸಿ, ಕೆಳಗೆ ಬೆರಳು ಹಿಡಿದು ತೀರ್ಮಾನಿಸುತ್ತಾರೆ. ಹೈದರಾಬಾದಿನಲ್ಲಿ ಬಳೆಯನ್ನೂ ಹೀಗೆಯೇ ಮಾರುತ್ತಾರೆ ಎಂದು ಇವರು ಊರೆಲ್ಲ ಹೇಳಿದ್ದರು. ಅತ್ತಿಗೆ ಕಲ್ಲು ಕೂರಿಸಿದ ಅರಗಿನ ಬಳೆ ಆರಿಸಿದ ಕೂಡಲೇ ಅಣ್ಣ ಕೈ ಕಟ್ಟಿ ನಿಂತ.

"ಎಲ್ಲಿ ಭಾವ, ಟವೆಲ್ ವ್ಯಾಪಾರ? ಒಂದ್ಸಲ ಕಣ್ಣಾರೆ ನೋಡ್ಬಿಡಣ."

ಸಿಕ್ಕಿಬಿದ್ದರೆ ಮುಂದಿನ ಸಂತೆಯ ಹೊತ್ತಿಗೆ ಸುದ್ದಿ ಚಿಂತಾಮಣಿ ತುಂಬ ಹರಡುತ್ತದೆ, ಆಮೇಲೆ ಎತ್ತಿನ ಹಲ್ಲು ನೋಡಿ ವಯಸ್ಸು ಇಷ್ಟು ಅಂದರೂ ಯಾರೂ ನಂಬುವುದಿಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬರುತ್ತಿದ್ದ ನನ್ನ ನಗು ಅಲ್ಲಿಗೇ ನಿಂತಿತು. ಅವರು ಭುಜದ ಟವೆಲ್ ತೆಗೆದು, ಗಲ್ಲಾದ ಮೇಲಿದ್ದ ಮುದುಕನ ಕೈಗೆ ಹೊದಿಸಿ, ತಮ್ಮ ಕೈಯನ್ನು ಒಳಗೆ ಹಾಕಿದರು.

"ಅರೇ, ಯೇ ಕ್ಯಾ ಭಾಯ್?" ಎಂದು ಮುದುಕ ಬೆಚ್ಚಿದ. ಪಕ್ಕದ ಅಂಗಡಿಯವರು ಇಣುಕಿದರು. ಸ್ವಲ್ಪ ಹೊತ್ತು ಟವೆಲ್ ಅಲುಗಾಡಿತು. ಮುದುಕ ಇವರ ಮುಖವನ್ನೇ ನೋಡಿದ, ಆಮೇಲೆ ಅಣ್ಣನನ್ನು ನೋಡಿದ. ಗಡ್ಡ ನೀವಿಕೊಂಡು, ಬಹಳ ಗಂಭೀರವಾಗಿ ತಲೆ ಆಡಿಸಿದ.

"ಠೀಕ್ ಹೈ. ಹಮಾರಾ ಪುರಾನಾ ತರೀಕಾ ಹೈ. ಆಜ್‌ಕಲ್ ಕೌನ್ ಜಾನ್ತಾ?"

ಚಿಂತಾಮಣಿ ಸಂತೆಯಲ್ಲಿ ಓಡಾಡಿದ ಅಣ್ಣನಿಗೆ ಅಷ್ಟು ಉರ್ದು ಅರ್ಥವಾಗುತ್ತದೆ. ಹಳೆಯ ಪದ್ಧತಿ, ಈಗಿನವರಿಗೆ ಗೊತ್ತಿಲ್ಲ! ಅವನ ಮುಖ ಸಪ್ಪಗಾಯಿತು. ವಾಪಸ್ ಬರುವಾಗ ದಾರಿಯುದ್ದಕ್ಕೂ ಇವರನ್ನು "ಭಾವನೋರು" ಎಂದೇ ಕರೆದ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದೆ, "ಯಾವ ಬೆರಳು ಹಿಡಿದ್ರಿ?"

"ಬೆರಳೆಲ್ಲಿ ಬಂತು ಕಣೇ! ಅವನ ಕೈನ ಗಟ್ಟಿಯಾಗಿ ಹಿಡ್ಕಂಡು ಅದುಮ್ತಾನೇ ಇದ್ದೆ. ಕಾಲಿಗೆ ಬೀಳೋಕಾಗಲ್ವಲ್ಲ, ಕೈಯಲ್ಲೇ ಬಿದ್ದೆ. ಪುಣ್ಯಾತ್ಮ, ಅವನೂ ನನ್ನ ಕೈ ಅದುಮ್ದ."

ಗೋಡೆಗೆ ಒರಗಿ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮುದುಕ ಹೇಳಿದ ಬೆಲೆಯಲ್ಲಿ ಒಂದು ಕಾಸೂ ಇಳಿದಿರಲಿಲ್ಲ. ಅತ್ತಿಗೆ ಮಾತ್ರ ಇಂದಿಗೂ ಅರ್ಧ ಬೆಲೆಗೆ ತಂದೆ ಎನ್ನುತ್ತಾಳೆ.

ಅವರ ತಿಥಿಯ ಊಟದ ದಿನ ಬಂದವರ ಮುಂದೆ ಅಣ್ಣ ಕಣ್ಣೊರೆಸಿಕೊಳ್ಳುತ್ತಾ ಹೇಳಿದ, "ನಮ್ ಭಾವನಿಗೆ ಹೈದ್ರಾಬಾದಿನ ಗಲ್ಲಿಗಲ್ಲಿ ಗೊತ್ತಿತ್ತು. ನಾನೇ ಕಣ್ಣಾರೆ ನೋಡಿದೀನಿ." ನನಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡೆ, ಭುಜ ಕುಲುಕುತ್ತಿತ್ತು. ಹೆಂಗಸರು ಓಡಿ ಬಂದು ನೀರು ಕುಡಿಸಿದರು. "ಅತ್ಬಿಡಮ್ಮ, ಹಗುರಾಗುತ್ತೆ" ಅಂದರು. ನಡುವೆ ಎಲ್ಲೋ ನಿಜವಾಗಿ ಅತ್ತೆ.

ಅಣ್ಣನಿಗೆ ನಾನು ಏನೂ ಹೇಳಿಲ್ಲ. ಅವನು ಪುಸ್ತಕ ಓದುವವನಲ್ಲ, ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಬ್ಬಕ್ಕೆ ಬಂದಾಗಲೆಲ್ಲ ಅವನು ಹೈದರಾಬಾದಿನ ಮಾತು ತೆಗೆಯುತ್ತಾನೆ, ನಾನು ಹೂಂ ಎನ್ನುತ್ತೇನೆ. ಅವನು ಹೋದ ಮೇಲೆ ಬಾಗಿಲು ಹಾಕುತ್ತೇನೆ. ಒಳಗೆ ಜೊತೆಗೆ ನಗುವವರಿಲ್ಲ.