ಸಿಂದಗಿ ನಿಲ್ದಾಣದಲ್ಲಿ ಮೂರು ಬಣ್ಣದ ದಾರ

ಕಲಬುರಗಿಯಲ್ಲಿ ನಾಟಕ ನೋಡಿ ಬಂದು ಸಿಂದಗಿ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಗಂಡು, ಹೆಣ್ಣು ಇಬ್ಬರ ಮೇಲೂ ಮನಸ್ಸಾಗುವ ನಮ್ಮಂಥವರೇ ಆಡಿದ ನಾಟಕ ಅದು. ಬಾಗಿಲಲ್ಲಿ ನಮ್ಮ ಗುರುತಿನ ಗುಲಾಬಿ, ನೇರಳೆ, ನೀಲಿ ದಾರ ಕೈಗೆ ಕಟ್ಟಿದ್ದರು.

ಎದುರು ಬೆಂಚಿನ ಹುಡುಗನ ಕೈಯಲ್ಲೂ ಅದೇ ದಾರ. ನಮ್ಮ ಕಡೆ ಇನ್ನೊಬ್ಬನಿದ್ದಾನೆಂದು ಗೊತ್ತೇ ಇರಲಿಲ್ಲ. ಅವನು ನಗುತ್ತ ಎದ್ದು ಬಂದ.

ಅಷ್ಟರಲ್ಲಿ ಪಕ್ಕದ ಶೇಂಗಾ ಮಾರುವ ಅಜ್ಜಿ ಕೇಳಿದಳು, "ತಮ್ಮಾ, ಇದ್ಯಾವ ದೇವರ ದಾರೋ?"

"ದರ್ಗಾದ್ದರಿ ಆಯಿ," ಎಂದುಬಿಟ್ಟೆ.

ಅವಳು ನನ್ನ ಕೈ ಎಳೆದು ದಾರವನ್ನು ಕಣ್ಣಿಗೆ ಒತ್ತಿಕೊಂಡಳು.

ಹುಡುಗನ ನಗು ಹೋಯಿತು. ಅಂಗಿಯ ತೋಳು ಕೆಳಗೆಳೆದು ದಾರ ಮುಚ್ಚಿಕೊಂಡ, ಮುದ್ದೇಬಿಹಾಳ ಬಸ್ಸು ಹತ್ತಿದ.

"ಅವನ ಕೈಯಾಗೂ ಇಂಥಾದ್ದ ಇತ್ತಲ್ಲೋ. ನಿಮ್ಮ ಪೈಕಿ ಏನು?" ಎಂದಳು ಅಜ್ಜಿ.

"ಹೌದ್ರಿ ಆಯಿ, ನಮ್ಮ ಪೈಕಿ."

ಅಷ್ಟೊತ್ತಿಗೆ ಬಸ್ಸು ಗೇಟು ದಾಟಿತ್ತು.