ಕಾಲುಂಗುರ ತೆಗೆದ ಶುಕ್ರವಾರ

ನನಗೆ ಸಿಟ್ಟು ಬೇಗ ಬರುತ್ತೆ. ಗೋಡೆ ಹತ್ತೋಕೆ ಶುರು ಮಾಡಿದ್ದೂ ಒಂದು ಸಿಟ್ಟಿನಿಂದಲೇ. ಪೀಣ್ಯದ ಒಂದು ವಾಲ್ವ್ ಕಂಪನಿಯಲ್ಲಿ ನನ್ನದು ಇನ್‌ಸ್ಪೆಕ್ಷನ್ ಕೆಲಸ. ದಿನವಿಡೀ ನಿಂತು, ಮಷೀನಿನಿಂದ ಬಂದ ಪೀಸುಗಳಿಗೆಲ್ಲ ಗೇಜು ಹಾಕಿ ಪಾಸೋ ಫೇಲೋ ನೋಡೋದು. ಒಂದು ದಿನ ಮೇಲಿನ ರ್‍ಯಾಕಿನಿಂದ ಡಬ್ಬ ಇಳಿಸಲು ಸ್ಟೂಲ್ ಹತ್ತಿದೆ, ಕಾಲು ಗಡಗಡ ನಡುಗಿತು. ಪಕ್ಕದ ಟೇಬಲಿಗೆ ಹೊಸದಾಗಿ ಬಂದಿದ್ದ ಹುಡುಗಿ, ನಿಮ್ಮ ವಯಸ್ಸಿಗೆ ಇದೆಲ್ಲ ಯಾಕೆ ಆಂಟಿ, ಇಳೀರಿ, ನಾನು ತೆಗೀತೀನಿ ಅಂದಳು. ನನಗೆ ನಲವತ್ತೇಳು. ಮೈಯೆಲ್ಲ ಉರಿದುಹೋಯಿತು. ಅವಳು ರಜಾ ದಿನ ಎಲ್ಲೋ ಗೋಡೆ ಹತ್ತೋಕೆ ಹೋಗ್ತಾಳೆ ಅಂತ ಗೊತ್ತಿತ್ತು. ಈ ಶುಕ್ರವಾರ ನಾನೂ ಬರ್ತೀನಿ ಅಂದುಬಿಟ್ಟೆ. ನಮ್ಮ ಕಂಪನಿಗೆ ವಾರದ ರಜೆ ಶುಕ್ರವಾರ.

ಅದು ನಮ್ಮ ಕಂಪನಿಯಿಂದ ಎರಡು ರಸ್ತೆ ಆಚೆ, ಯಾವತ್ತೋ ಮುಚ್ಚಿಹೋದ ಸ್ಪ್ರಿಂಗ್ ಫ್ಯಾಕ್ಟರಿಯ ಶೆಡ್ಡು. ಮೇಲೆ ಕ್ರೇನ್ ಓಡುತ್ತಿದ್ದ ಕಬ್ಬಿಣದ ಗರ್ಡರು ಹಾಗೇ ಇತ್ತು. ಅದರ ಎತ್ತರಕ್ಕೆ ಪ್ಲೈವುಡ್ ಗೋಡೆ ಎಬ್ಬಿಸಿ, ಬಣ್ಣಬಣ್ಣದ ಹಿಡಿಕೆಗಳನ್ನು ಬೋಲ್ಟು ಹಾಕಿ ಕೂರಿಸಿದ್ದರು. ಸೊಂಟಕ್ಕೆ ಪಟ್ಟಿ ಕಟ್ಟಿ, ಅದಕ್ಕೆ ಮೇಲಿನ ಗರ್ಡರಿನಿಂದ ಇಳಿಬಿಟ್ಟ ಹಗ್ಗ ಗಂಟು ಹಾಕಿ, ಆ ಹಗ್ಗದ ಇನ್ನೊಂದು ತುದಿಯನ್ನು ಕೋಚ್ ಹಿಡಿದು ಕೆಳಗೆ ನಿಲ್ಲುತ್ತಾಳೆ. ಬೀಳೋಕೆ ಬಿಡಲ್ಲ ಅಂತ ಭರವಸೆ. ಕೋಚು ನನ್ನ ಮಗಳಾಗಬಹುದಾದ ವಯಸ್ಸಿನವಳು, ಆದರೆ ಕಣ್ಣು ನಮ್ಮ ಗೇಜಿಗಿಂತ ಚುರುಕು. ಶೂ ಕೊಡುತ್ತಲೇ ನನ್ನ ಕಾಲು ನೋಡಿ, ಕಾಲುಂಗುರ ತೆಗೀಬೇಕು ಆಂಟಿ, ಈ ಶೂ ತುಂಬ ಬಿಗಿ, ಬೆರಳಿಗೆ ಕಚ್ಚಿಕೊಂಡರೆ ಕಷ್ಟ ಅಂದಳು.

ಮದುವೆಯಾದ ಇಪ್ಪತ್ಮೂರು ವರ್ಷದಲ್ಲಿ ನಾನು ಅದನ್ನ ತೆಗೆದವಳಲ್ಲ. ಹೆರಿಗೆ ದಿನ ನರ್ಸು ಗದರಿದಾಗಲೂ ತೆಗೆದಿರಲಿಲ್ಲ. ಗಂಡ ಇರೋತನಕ ತೆಗೆಯೋ ವಸ್ತುವೇ ಅಲ್ಲ ಅದು ನಮ್ಮಲ್ಲಿ. ಆ ಕಡೆ ತಿರುಗಿ ಕೂತು, ತೆಗೆದ ಹಾಗೆ ನಾಟಕ ಮಾಡಿ, ಉಂಗುರದ ಸಮೇತ ಕಾಲು ತುರುಕಿದೆ. ನಾಲ್ಕು ಹಿಡಿಕೆ ಏರಿದ್ದೇ ಏರಿದ್ದು, ಬೆರಳು ಕತ್ತರಿಸಿ ಹೋದಂಥ ನೋವು. ಕಣ್ಣಲ್ಲಿ ನೀರು ಬಂತು. ಕೆಳಗಿಳಿದು ಶೂ ಬಿಚ್ಚಿದರೆ ಬೆಳ್ಳಿ ಉಂಗುರ ಅಷ್ಟು ಆಳಕ್ಕೆ ಒತ್ತಿ ರಕ್ತ ಜಿನುಗುತ್ತಿತ್ತು. ಕೋಚು ಬೈಯಲಿಲ್ಲ. ತೆಗೆದು ಬಂದರೆ ಹತ್ತಿಸ್ತೀನಿ, ಇಲ್ಲಾಂದ್ರೆ ಇಲ್ಲ ಅಂದಳು, ಅಷ್ಟೇ.

ಅವತ್ತು ಮನೆಯಲ್ಲಿ ಕುಂಟಿಕೊಂಡು ಓಡಾಡಿದೆ. ಅತ್ತೆ ಕೇಳಿದರು, ಮಂಚದ ಕಾಲಿಗೆ ಎಡವಿದೆ ಅಂದೆ. ನನ್ನತ್ತೆ ದಾವಣಗೆರೆ ಕಡೆಯವರು, ಎಪ್ಪತ್ತು ದಾಟಿದೆ. ಮಾವ ತೀರಿಹೋಗಿ ಹನ್ನೊಂದು ವರ್ಷ. ಆವತ್ತಿನಿಂದ ನಮ್ಮ ಜೊತೆಗೇ ಇದ್ದಾರೆ. ಹಣೆಗೆ ವಿಭೂತಿ ಹಚ್ಚಿಕೊಂಡು, ಸೊಪ್ಪು ಬಿಡಿಸುತ್ತಾ, ಮಾತಿಗೆ ಮಾತು ಕೊಡದೆ ಎಲ್ಲವನ್ನೂ ನೋಡುವ ಹೆಂಗಸು. ಮಂಚದ ಕಾಲನ್ನೂ ಒಮ್ಮೆ ನೋಡಿದರು. ಆಮೇಲೆ ಕೊಬ್ಬರಿ ಎಣ್ಣೆ ತಂದು ನನ್ನ ಪಕ್ಕ ಇಟ್ಟು ಹೋದರು.

ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ಆ ಗೋಡೆ ನನ್ನ ತಲೆಯಿಂದ ಇಳಿಯಲೊಲ್ಲದು. ನಾಲ್ಕು ಹಿಡಿಕೆ ಏರಿದಾಗಿನ ಆ ಒಂದು ನಿಮಿಷ, ನನ್ನ ಭಾರ ನಾನೇ ಎತ್ತಿಕೊಂಡಿದ್ದು, ಯಾರಿಗೂ ಹೇಳಿಕೊಳ್ಳಲಾಗದಷ್ಟು ಖುಷಿ ಕೊಟ್ಟಿತ್ತು. ಗಾಯ ಮಾಯ್ದ ಮೇಲೆ ಬಂದ ಶುಕ್ರವಾರ, ಶೆಡ್ಡಿನ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು, ಸೋಪು ಹಚ್ಚಿ ಹಚ್ಚಿ ಎರಡೂ ಉಂಗುರ ತೆಗೆದೆ. ಬೆರಳ ಮೇಲೆ ಬೆಳ್ಳಗೆ ಪಟ್ಟಿ. ಕರ್ಚೀಫಿನಲ್ಲಿ ಗಂಟು ಕಟ್ಟಿ ಪರ್ಸಿಗೆ ಹಾಕಿಕೊಂಡೆ. ಆವತ್ತು ಅರ್ಧ ಗೋಡೆ ಏರಿದೆ. ಪಕ್ಕದ ಟೇಬಲಿನ ಆ ಹುಡುಗಿ ಕೆಳಗಿನಿಂದ ಚಪ್ಪಾಳೆ ತಟ್ಟಿದಳು. ನನಗೋ ಭೂಮಿ ಮೇಲೆ ಕಾಲೇ ನಿಲ್ಲದು. ಅದೇ ಗುಂಗಿನಲ್ಲಿ ಆಟೋ ಹತ್ತಿ ಮನೆಗೆ ಬಂದೆ.

ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಅತ್ತೆ ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರ ಕಣ್ಣು ನನ್ನ ಕಾಲಿಗೆ ಬಿತ್ತು. ಮೊರ ಮಡಿಲಿಂದ ಜಾರಿ ಕಾಳೆಲ್ಲ ನೆಲದ ಪಾಲಾಯಿತು. ನನಗಿನ್ನೂ ಹೊಳೆದಿಲ್ಲ. ಅವರು ಗೋಡೆ ಹಿಡಿದು ಏಳಲು ನೋಡಿದರು, ಆಗಲಿಲ್ಲ. ಕೂತಲ್ಲಿಂದಲೇ ಕೇಳಿದರು:

"ನನ್ ಮಗನಿಗೆ ಏನಾತವ್ವಾ?"

ನನ್ನ ಗಂಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಟರ್ನರ್. ಆ ವಾರ ಸೆಕೆಂಡ್ ಶಿಫ್ಟು. ಫ್ಯಾಕ್ಟರಿಯಲ್ಲಿ ಏನೋ ಆಗಿದೆ, ಸೊಸೆಗೆ ಸುದ್ದಿ ಮೊದಲು ಬಂದಿದೆ, ಎಲ್ಲ ಮುಗಿಸಿಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದಾಳೆ ಅಂತ ಆ ಒಂದು ಕ್ಷಣದಲ್ಲಿ ಅವರು ಲೆಕ್ಕ ಹಾಕಿಬಿಟ್ಟಿದ್ದರು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಏನಿಲ್ಲ ಅತ್ತೆ, ಏನೂ ಆಗಿಲ್ಲ, ನಾನೇ ತೆಗೆದಿದ್ದು, ಗೋಡೆ ಹತ್ತೋಕೆ ಹೋಗಿದ್ದೆ ಅಂತ ಅವರ ಮುಂದೆ ಕುಕ್ಕರಿಸಿ ಕೂತು ಬಡಬಡಿಸಿದೆ. ಅವರ ಕಿವಿಗೆ ಒಂದೂ ಹೋಗಲಿಲ್ಲ. ಗಂಡನ ಸೆಕ್ಷನ್ನಿಗೆ ಫೋನ್ ಮಾಡಿದೆ; ಯಾರೋ ಎತ್ತಿ, ಮಷೀನ್ ಮೇಲಿದಾರೆ ಮೇಡಂ, ಕ್ಯಾಂಟೀನ್ ಟೈಮಿಗೆ ಮಾಡಿಸ್ತೀನಿ ಅಂದರು. ಅತ್ತೆಗೆ ಯಾರದೋ ಮಾತು ಬೇಡವಾಗಿತ್ತು, ಮಗನ ದನಿ ಬೇಕಿತ್ತು.

ಮುಕ್ಕಾಲು ಗಂಟೆ ಇಬ್ಬರೂ ನೆಲದ ಮೇಲೆ, ಕಾಳಿನ ನಡುವೆ ಕೂತಿದ್ದೆವು. ಅವರ ಕೈ ಹಿಡಿದುಕೊಂಡಿದ್ದೆ, ತಣ್ಣಗಿತ್ತು. ಕೊನೆಗೆ ಫೋನ್ ಬಂತು. ಏನಮ್ಮ ಅಂದ ಮಗ. ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡರು. ಏನಿಲ್ಲಪ್ಪ, ತಿಂಡಿ ತಿಂದ್ಯಾ ಅಂತ ಕೇಳಿ ಇಟ್ಟರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತುಬಿಟ್ಟೆ. ಇನ್ನು ಆ ಕಡೆ ತಲೆ ಹಾಕಿಯೂ ಮಲಗಲ್ಲ ಅಂದೆ, ಒಳಗೆ ಹೋಗಿ ಉಂಗುರ ಹಾಕಿಕೊಂಡು ಬಂದು ಕಾಳು ಆರಿಸಿದೆ.

ಆ ವಾರ ಅತ್ತೆ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ. ನನಗೂ ಒಳಗೊಳಗೇ ಕುದಿತ. ತಪ್ಪು ನನ್ನದೇ, ಒಪ್ಪಿಕೊಂಡೆ. ಆದರೂ ಆ ಅರ್ಧ ಗೋಡೆ ಅಲ್ಲೇ ಉಳಿದುಹೋಯಿತಲ್ಲ ಅಂತ ಪಾತ್ರೆಗಳ ಮೇಲೆ ಕೋಪ ತೀರಿಸಿಕೊಂಡೆ.

ಶುಕ್ರವಾರ ಬೆಳಿಗ್ಗೆ ನೋಡಿದರೆ ಅತ್ತೆ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಎಲ್ಲಿಗೆ ಅಂದರೆ, ನಿನ್ ಗೋಡೆ ತೋರಿಸು ನಡಿ ಅಂದರು. ಶೆಡ್ಡಿನಲ್ಲಿ ಕೋಚು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಳು. ಅತ್ತೆ ಗೋಡೆಯ ಬುಡದಿಂದ ಗರ್ಡರಿನತನಕ ಒಂದು ಸಲ ನೋಡಿ, ಹಗ್ಗ ಎಳೆದು ನೋಡಿ, ಹಗ್ಗ ಹಿಡಿಯುವವಳು ಊಟ ಮಾಡಿದ್ದಾಳೋ ಇಲ್ಲವೋ ವಿಚಾರಿಸಿ ಕೂತರು. ನಾನು ಶೂ ಮುಂದಿಟ್ಟುಕೊಂಡು ತಲೆ ತಗ್ಗಿಸಿದ್ದೆ. ಕಾಲಿಗೆ ಕೈ ಹಾಕಲು ಧೈರ್ಯವಿಲ್ಲ. ಅವರು ಅಂಗೈ ಚಾಚಿದರು.

"ಕೊಡಿಲ್ಲಿ. ನನ್ ಕೈಯಾಗಿದ್ರೆ ನಿನ್ ಕಾಲಾಗೆ ಇದ್ದಂಗೆ."

ಕೊಟ್ಟೆ. ಹತ್ತಿದೆ. ಅರ್ಧ ಗೋಡೆ ದಾಟಿದ ಮೇಲೆ ತೋಳು ಸೋತವು, ಬಾಯಿ ಒಣಗಿತು, ಆದರೂ ತುದಿ ಮುಟ್ಟಿದೆ. ಗರ್ಡರಿನ ತುಕ್ಕು ನನ್ನ ಕಣ್ಣಿನ ಮಟ್ಟಕ್ಕಿತ್ತು. ಇಳಿಯೋದೇ ಕಷ್ಟ ಅಂತ ಆಗ ಗೊತ್ತಾಯಿತು. ಎರಡೂ ಕೈ ಬಿಟ್ಟು ಹಿಂದಕ್ಕೆ ವಾಲಬೇಕಂತೆ, ಹಗ್ಗ ನಿಧಾನ ಇಳಿಸುತ್ತಂತೆ. ನನ್ನ ಕೈ ಬಿಡಲೊಲ್ಲವು. ಕೆಳಗೆ ನೋಡಿದೆ. ಅತ್ತೆ ಕುರ್ಚಿಯಿಂದ ಎದ್ದು ನಿಂತಿದ್ದರು, ಮುಷ್ಟಿಯನ್ನು ಎದೆಗೆ ಒತ್ತಿ ಹಿಡಿದು. ಆ ಮುಷ್ಟಿ ನೋಡಿಕೊಂಡೇ ಕೈ ಬಿಟ್ಟೆ.

ಕೆಳಗೆ ಬಂದು ಶೂ ಬಿಚ್ಚಿ ಕೈ ಚಾಚಿದರೆ ಅತ್ತೆ ಉಂಗುರ ಕೊಡಲಿಲ್ಲ. ಆ ವಯಸ್ಸಿನಲ್ಲಿ, ಆ ಮಂಡಿನೋವಿನಲ್ಲಿ, ಹಾಸಿದ್ದ ಮೆತ್ತೆಯ ಮೇಲೆ ನನ್ನೆದುರು ಕೂತು ನನ್ನ ಪಾದ ಎತ್ತಿ ತೊಡೆ ಮೇಲಿಟ್ಟುಕೊಂಡರು. ಛೇ, ಬೇಡ ಅತ್ತೆ, ನೀವು ನನ್ನ ಕಾಲು ಮುಟ್ಟೋದಾ ಅಂತ ಎಳೆದುಕೊಂಡೆ. ಬಿಡಲಿಲ್ಲ. ಸೆರಗಿನಿಂದ ಬೆವರು ಒರೆಸಿ, ಉಂಗುರ ತೊಡಿಸಿ, ಎರಡು ಬೆರಳಲ್ಲಿ ಒತ್ತಿ ಬಿಗಿ ಮಾಡಿದರು. ಬಿಸಿಯಾಗಿತ್ತು ಬೆಳ್ಳಿ.

"ನನ್ನವು ತೆಗೆಯಾಕೆ ಅವತ್ತು ಎಷ್ಟೊಂದು ಜನ ಬಂದಿದ್ರು," ಅಂದರು ಮೆಲ್ಲಗೆ, ನನ್ನ ಮುಖ ನೋಡದೆ. "ತೆಗೆದದ್ದನ್ನ ತಿರುಗಿ ಹಾಕೋದು ನಾನು ಇವತ್ತೇ ನೋಡಿದ್ದು."

ಆಮೇಲೆ ಇನ್ನೊಂದು ಕಾಲು ಕೊಡು ಅಂದರು. ನಾನು ಕೊಟ್ಟೆ.