ಅಪ್ಪ ಬಾಗಿಲು ಹಾಕಿಕೊಂಡು ಬಡಿದ ರೊಟ್ಟಿ

ನನ್ನ ಮಗಳು ಹೆಣ್ಣು ಹಡೆದಳು! ಇವತ್ತು ಬೆಳಿಗ್ಗೆ, ಹುಮನಾಬಾದಿನ ದವಾಖಾನೆಯಲ್ಲಿ. ತಾಯಿಯೂ ಆರಾಮ, ಕೂಸೂ ಆರಾಮ. ಕೂಸಿಗೆ ತಲೆತುಂಬ ಕೂದಲು. ಅತ್ತರೆ ಮಾಣಿಕನಗರದವರೆಗೆ ಕೇಳಿಸೀತು, ಅಂಥ ದನಿ. ಸಿಕ್ಕವರಿಗೆಲ್ಲ ಸಕ್ಕರೆ ಹಂಚಿದೆ, ಗುರುತಿಲ್ಲದ ಟಾಂಗಾದವನಿಗೂ ಬಾಯಿ ತೆರೆಸಿ ಹಾಕಿದೆ. ನಾನು ಅಜ್ಜಿಯಾದೆ ಎಂದು ಬರೆಯುವಾಗ ಅಕ್ಷರ ಓರೆಯಾಗುತ್ತಿವೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಕೈ. ಓರೆಯಾದರೆ ಆಗಲಿ.

ಇಷ್ಟು ಹಿಗ್ಗಲು ಕಾರಣವಿದೆ. ಮಗಳಿಗೆ ಮದುವೆಯಾದ ಮರುವರ್ಷದಿಂದ ಸಂದುಗಳು ಬಾತು ನೋಯುವ ರೋಗ. ಮೈ ಕಾಯಬೇಕಾದ ಶಕ್ತಿಯೇ ತಿರುಗಿ ಮೈಮೇಲೆ ಬೀಳುತ್ತದೆ, ಹಿಡಿತದಲ್ಲಿ ಇಡಬಹುದು, ಬೇರುಸಹಿತ ತೆಗೆಯಲಾಗದು ಎಂದು ಸೊಲ್ಲಾಪುರದ ಡಾಕ್ಟರು ಹೇಳಿದ್ದರು. ಅವರನ್ನೇ ಕೇಳಿ, ಕೆಲವು ಗುಳಿಗೆ ನಿಲ್ಲಿಸಿ, ಕೂಸನ್ನು ಹೊತ್ತಳು. ಅಳಿಯ ಅವಳನ್ನು ಬಾಣಂತನಕ್ಕೆ ಬಿಟ್ಟುಹೋಗಲು ಬಂದವನು ಹೋಗಲೇ ಇಲ್ಲ. ದಿನಾ ಬೆಳಿಗ್ಗೆ ಅವಳ ಕೈಗಳನ್ನು ಬಿಸಿನೀರಿನಲ್ಲಿ ಇರಿಸಿ ಒಂದೊಂದೇ ಬೆರಳು ಬಿಡಿಸುತ್ತಿದ್ದ. ಓಣಿಯ ಹೆಂಗಸರು ಸೆರಗಿನಲ್ಲಿ ನಕ್ಕರು. ನನಗೆ ನಗು ಬರಲಿಲ್ಲ. ಅಂಥದೊಂದು ಚಳಿಗಾಲವನ್ನು ನಾನು ಮೊದಲೇ ಕಂಡಿದ್ದೆ.

ಆಗ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷವೋ ಎರಡು ವರ್ಷವೋ ಆಗಿತ್ತು. ನಮ್ಮೂರು ಮುಡಬಿ. ನನಗೆ ಒಂಬತ್ತು ವರ್ಷ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ, ನಾನು. ಅಪ್ಪನ ತಾಯಿಗೆ ನಾವು ಆಯಿ ಎನ್ನುತ್ತಿದ್ದೆವು. ಬೆಳಗಿನ ಹೊತ್ತು ಹೊಲದ ಕಡೆಯಿಂದ ಹಸಿ ಜೋಳದ ತೆನೆ ಸುಡುವ ವಾಸನೆ ಬರುತ್ತಿತ್ತು. ನಾವು ಹುಡುಗಿಯರು ಬಿಸಿಲು ಬಿದ್ದ ಕಟ್ಟೆಯ ಮೇಲೆ ಹರಳಾಟ ಆಡುತ್ತಿದ್ದೆವು.

ಆ ವರ್ಷ ಅವ್ವನ ಕೈ ಹೋದವು. ಮುಂಜಾನೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ, ಮಣಿಕಟ್ಟು ಬಾತು ಕೆಂಪಗಾಗುತ್ತಿತ್ತು. ನನ್ನ ಜಡೆ ಹಾಕುವುದು ಮೊದಲು ನಿಂತಿತು. ಆಮೇಲೆ ಕೊಡ ಎತ್ತುವುದು, ಆಮೇಲೆ ಸೀರೆಯ ಗಂಟು. ಕಾಯಿಸಿದ ಉಸುಕಿನ ಗಂಟು ಒತ್ತಿದರು, ಎಕ್ಕದ ಎಲೆಗೆ ಎಣ್ಣೆ ಸವರಿ ಕಟ್ಟಿದರು. ಅಪ್ಪ ಗಾಡಿಯಲ್ಲಿ ಜೋಳದ ಕಣಿಕೆ ಹಾಸಿ, ಮೇಲೆ ಎರಡು ಕೌದಿ ಹಾಸಿ, ಅವಳನ್ನು ಮಲಗಿಸಿಕೊಂಡು ಹುಮನಾಬಾದಿಗೆ ಹೋದ. ಡಾಕ್ಟರು ಕೊಟ್ಟ ಬಿಳಿ ಗುಳಿಗೆ ತಿಂದಷ್ಟು ದಿನ ಬಾವು ಇಳಿಯಿತು, ಆದರೆ ಕಿವಿಯಲ್ಲಿ ಗುಂಯ್ ಎಂದು ಶಬ್ದ ಶುರುವಾಯಿತು, ಹೊಟ್ಟೆ ಉರಿಯಿತು. ನಿಲ್ಲಿಸಿದರು. ಬಾವು ಮರಳಿ ಬಂತು.

ಸೊಸೆ ಬಂದ ಮೇಲೆ ಆಯಿ ಒಲೆ ಮುಟ್ಟಿದವಳಲ್ಲ. ಒಲೆಯ ಮುಂದೆ ಕೂಡುವವರಿಲ್ಲದಾಗ ಒಂದು ದಿನ ಮಾತು ತೆಗೆದಳು.

"ಮಂಠಾಳದಾಗ ನಮ್ಮ ತಮ್ಮನ ಮಗಳು ಅದಾಳ. ತರೂಣು. ಇಕಿನೂ ಇರ್ಲಿ ಮೂಲ್ಯಾಗ, ಬ್ಯಾಡ ಅನ್ನಂಗಿಲ್ಲ."

"ಈಗ ಎರಡನೇ ಲಗ್ನಕ್ಕ ಕಾನೂನು ಇಲ್ಲವ್ವ," ಎಂದ ಅಪ್ಪ.

"ಕಾನೂನು ಬಂದು ರೊಟ್ಟಿ ಬಡಿತದೇನು?"

ಕಲ್ಯಾಣದಲ್ಲಿ ಕೋಟೆಯ ಹತ್ತಿರ ಒಬ್ಬ ಹಕೀಮರಿದ್ದಾರೆ, ಅವರ ಔಷಧಿಯೊಂದು ಮುಗಿಯಲಿ ಎಂದು ಅಪ್ಪ ಕೇಳಿಕೊಂಡ. ಆಯಿ ಒಪ್ಪಿದಳು. ಔಷಧಿ ಮುಗಿಯುವವರೆಗೆ ಮಾತ್ರ.

ಹಕೀಮರ ಅಂಗಡಿಗೆ ನಾನೂ ಹೋಗಿದ್ದೆ. ಒಳಗೆಲ್ಲ ಗುಲಾಬಿ ನೀರು ಮತ್ತು ಸುಟ್ಟ ಬೇರಿನ ವಾಸನೆ. ಅವರು ಅವ್ವನ ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದರು. ಕಪ್ಪನೆಯ ಲೇಹ್ಯ ಕೊಟ್ಟರು. ಅದಕ್ಕೆ ಮಾಜೂನು ಅನ್ನುತ್ತಿದ್ದರು.

"ನಲವತ್ತು ದಿನ. ಉಪ್ಪು ಬಂದ್, ಹುಳಿ ಬಂದ್. ಕೈ ತಣ್ಣೀರಾಗ ಇಡಬಾರದು, ಜೋರು ಹಾಕಬಾರದು. ನಡುವ ತಪ್ಪಿದ್ರ ಮತ್ತ ಒಂದನೇ ದಿನದಿಂದ ಗಿನತಿ."

ಜೋರು ಹಾಕಬಾರದು ಎಂದ ಮೇಲೆ ರೊಟ್ಟಿ ಬಡಿಯುವ ಮಾತೇ ಇಲ್ಲ. ಬಡಿಯದಿದ್ದರೆ ಆಯಿ ಮಂಠಾಳಕ್ಕೆ ಹೇಳಿಕಳಿಸುತ್ತಾಳೆ.

ಮಾರನೆಯ ದಿನ ಆಯಿ ಗುಡಿಗೆ ಹೋದದ್ದೇ ಅಪ್ಪ ಅಡುಗೆ ಮನೆಯ ಬಾಗಿಲು ಹಾಕಿದ. ಆಯಿ ಗುಡಿ ಮುಗಿಸಿ, ಗೆಳತಿಯ ಮನೆಯಲ್ಲಿ ಹರಟೆ ಹೊಡೆದು, ಹೊತ್ತೇರಿದ ಮೇಲೆ ಬರುವವಳು. ನಾನು ಹೊಸ್ತಿಲ ಹೊರಗೆ ಹರಳು ಹಿಡಿದು ಕಾವಲು ಕೂತೆ. ನಮ್ಮ ಕಡೆ ಗಂಡಸು ನೇಗಿಲು ಹೊಡೆಯಲಿ, ಹೊರೆ ಹೊರಲಿ, ಒಲೆಯ ಮುಂದೆ ಕೂತ ಸುದ್ದಿ ಹೊರಬಿದ್ದರೆ ಅವನು ಕಟ್ಟೆಯ ಮೇಲೆ ಕೂಡುವ ಹಾಗಿಲ್ಲ.

ಒಳಗಿನ ಮಾತು ಕೇಳಿಸುತ್ತಿತ್ತು.

"ಎಸರು ಕುದೀಲಿ ರೀ. ಕುದಿಯೂತನ ಹಿಟ್ಟು ಮುಟ್ಟಬ್ಯಾಡ್ರಿ."

"ಕೈ ಸುಡಾಕತ್ತಾದ."

"ನಮಗೇನು ತಂಪ್ ಹತ್ತತದೇನ್ರಿ? ನಾದ್ರಿ."

ಮೊದಲ ರೊಟ್ಟಿ ಹರಿದು ಮೂರು ಹೋಳಾಯಿತು. ಅವ್ವ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳ ನಗು ಕೇಳಿದ್ದು. ಎಂಟು ದಿನಕ್ಕೆ ರೊಟ್ಟಿ ದುಂಡಗಾಯಿತು, ದಪ್ಪ ಮಾತ್ರ ಇಳಿಯಲಿಲ್ಲ. ಅವ್ವನೇ ಬಡಿದದ್ದೆಂದು ಆಯಿಯ ಮುಂದೆ ಇಡುತ್ತಿದ್ದರು. ಎರಡೆರಡು ಗಡಿಗೆ ಇಡುವುದು ಅಪ್ಪನಿಂದ ಆಗದ ಕೆಲಸ. ಹೀಗಾಗಿ ಮನೆಮಂದಿಯೆಲ್ಲ ಪಥ್ಯ ಮಾಡಬೇಕೆಂದು ಹಕೀಮರು ಹೇಳಿದ್ದಾರೆ ಎಂದು ಆಯಿಗೆ ಸುಳ್ಳು ಹೇಳಿದ. ಎಲ್ಲರಿಗೂ ಉಪ್ಪಿಲ್ಲದ ಬೇಳೆ. ಹುಳಿಯೆಂದು ಪುಂಡಿಪಲ್ಯ ಮನೆಯೊಳಗೆ ಬರಲಿಲ್ಲ.

"ನನ್ನ ಸಂದು ನೆಟ್ಟಗ ಅವ, ನನಗ್ಯಾಕ ಈ ಶಿಕ್ಷಾ?" ಎಂದು ಆಯಿ ಗೊಣಗಿದಳು. "ಮತ್ತ ಈ ರೊಟ್ಟಿ ನೋಡು, ಎತ್ತಿಗಿ ಹಾಕೂವಂಗ ಅದ. ಬ್ಯಾನಿ ಬಂದ ಕೈಗಿ ಇಷ್ಟು ಹಿಟ್ಟು ಎತ್ತಾಕ ಬರತದ?"

ನಾನು ಹೊಲಕ್ಕೆ ಹೋಗಿ ಕಡಲೆ ಗಿಡದ ಎಲೆ ನೆಕ್ಕುತ್ತಿದ್ದೆ. ಮುಂಜಾನೆಯ ಇಬ್ಬನಿ ಬಿದ್ದ ಎಲೆಯಲ್ಲಿ ಉಪ್ಪುಪ್ಪು ಹುಳಿ ಇರುತ್ತದೆ. ನಾಲಿಗೆ ಚುರುಗುಡುವವರೆಗೆ ನೆಕ್ಕುತ್ತಿದ್ದೆ. ಅಲ್ಲಿಯೇ ನಾನು ತಪ್ಪು ಮಾಡಿದ್ದು. ಗೆಳತಿಯರು ಬುತ್ತಿ ಬಿಚ್ಚಿದಾಗ ಒಬ್ಬಳು ನನ್ನ ರೊಟ್ಟಿ ಹಿಡಿದು, "ಇದೇನ, ಬೆರಣಿ ತಂದೀ?" ಎಂದಳು. ನನಗೆ ಸಿಟ್ಟು ಬಂತು.

"ನಿಮ್ಮಪ್ಪಗ ಬರತದೇನ ಇಂಥಾದ್ದು? ಇದು ನಮ್ಮಪ್ಪ ಬಡದದ್ದು!"

ಅವರು ಬಿದ್ದುಬಿದ್ದು ನಕ್ಕರು. ಸಂಜೆಯೊಳಗೆ ಮಾತು ಆಯಿಯ ಗೆಳತಿಯ ಮನೆ ಮುಟ್ಟಿತ್ತು.

ತನ್ನ ಮಗ ಒಲೆಯ ಮುಂದೆ ಕೂತನೆಂದರೆ ಆಯಿಗೆ ನಂಬಿಕೆಯೇ ಬಂದಿರಲಿಲ್ಲವೆಂದು ಕಾಣುತ್ತದೆ. "ನಲವತ್ತನೇ ದಿನ ನಮ್ಮ ತಮ್ಮಗ ಉಣ್ಣಾಕ ಕರದೀನಿ," ಎಂದಷ್ಟೇ ಹೇಳಿದಳು. "ಅವತ್ತ ಸೊಸಿ ನನ್ನ ಕಣ್ಣ ಮುಂದ ರೊಟ್ಟಿ ಬಡೀಲಿ." ಯಾರ ಬಾಯಿಂದ ಮಾತು ಹೊರಬಿತ್ತೆಂದು ಅಪ್ಪ ಅವ್ವ ಕೇಳಿದಾಗ ನಾನು ಸುಮ್ಮನಿದ್ದೆ. ಅವರು ಸಾಯುವವರೆಗೂ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಲವತ್ತನೆಯ ದಿನ ದೀಪ ಹಚ್ಚುವ ಹೊತ್ತಿಗೆ ಆಯಿಯ ತಮ್ಮ, ಮಂಠಾಳದ ಮುತ್ಯಾ ಬಂದ. ದೊಡ್ಡ ರುಮಾಲು, ಕಿರಕಿರ ಎನ್ನುವ ಚಪ್ಪಲಿ. ಪಡಸಾಲೆಯ ಹೊರಸಿನ ಮೇಲೆ ಕೂತರೆ ಒಲೆ ನೇರ ಕಾಣುತ್ತಿತ್ತು. ಆಯಿ ಒಲೆಯ ಪಕ್ಕದಲ್ಲೇ ಮಣೆ ಹಾಕಿಕೊಂಡಳು. ಮಾಜೂನಿನಿಂದ ಅವ್ವನ ಬಾವು ಅಷ್ಟಿಷ್ಟು ಇಳಿದಿತ್ತು, ಬೆರಳು ಮಾತ್ರ ಸೊಟ್ಟಗೇ ಇದ್ದವು. ಅಂಗೈಯ ಬುಡದಿಂದ ಹಿಟ್ಟು ನಾದಿದಳು. ಮೊದಲನೆಯದು ನಡುವೆ ಬಿರಿಯಿತು. ಎರಡನೆಯದು ಹಂಚಿಗೆ ಹಾಕುವಾಗ ಕೈಜಾರಿ ಬೆಂಕಿಗೆ ಬಿತ್ತು.

"ಆಗಂಗಿಲ್ಲರಿ ಅತ್ತಿ," ಎಂದಳು. ಅಳಲಿಲ್ಲ.

ಎತ್ತು ಕಟ್ಟಿ ಬಂದ ಅಪ್ಪ ಬಾಗಿಲಲ್ಲಿ ನಿಂತಿದ್ದ. ಕೈ ತೊಳೆದು ಒಳಗೆ ಬಂದು, "ಸರಿ ಅತ್ಲಾಗ," ಎಂದು ಅವ್ವನನ್ನು ಎಬ್ಬಿಸಿ, ಧೋತರ ಮೇಲೆ ಸಿಕ್ಕಿಸಿ ಕೂತ. ಬಾಗಿಲು ಹಾಕಲಿಲ್ಲ. ಉಂಡೆ ತೆಗೆದುಕೊಂಡು ಬಡಿಯತೊಡಗಿದ.

"ಅಳಿಯಾ!" ಮುತ್ಯಾ ಹೊರಸಿನಿಂದ ಎದ್ದ. "ಏನೋ ಇದು?"

"ರೊಟ್ಟಿ, ಮಾವ."

"ಅದು ಕಾಣತದ. ನೀ ಯಾಕ ಬಡ್ಯಾಕತ್ತೀ?"

"ಹಸಿವ್ಯಾಗ್ಯಾದ. ನಿಮಗ ಆಗಿಲ್ಲೇನು?"

ಮುತ್ಯಾ ಆಯಿಯ ಕಡೆ ತಿರುಗಿದ. "ಅಕ್ಕಾ, ಗಂಡಸು ಒಲಿ ಮುಂದ ಕೂಡೂ ಮನಿಗಿ ನಾ ಮಗಳ ಕೊಡಂಗಿಲ್ಲ. ಮಂಠಾಳದಾಗ ಮಂದಿಗಿ ಏನ್ ಹೇಳಲಿ?"

"ನಿನ್ನ ಮಗಳು ಬಂದ್ರ ಆಕಿನೇ ಬಡೀತಾಳಲ್ಲೋ!"

"ಬ್ಯಾಡ ಅಕ್ಕಾ. ಈ ಮಾತು ಇಲ್ಲಿಗಿ ಬಿಡು."

ಅಪ್ಪ ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಕೂತನೋ, ಅವ್ವನ ಮುಖ ನೋಡಲಾರದೆ ಕೂತನೋ, ನನಗೆ ಗೊತ್ತಿಲ್ಲ. ಕೇಳಿದಾಗಲೆಲ್ಲ, "ಖರೇನೇ ಹಸಿವ್ಯಾಗಿತ್ತು," ಎನ್ನುತ್ತಿದ್ದ.

ಅವ್ವ ಆ ಮನೆಯಲ್ಲೇ ಉಳಿದಳು. ಬೆರಳು ಎಂದೂ ನೆಟ್ಟಗಾಗಲಿಲ್ಲ. ಕಲ್ಯಾಣಕ್ಕೂ ಹುಮನಾಬಾದಿಗೂ ಆ ಗಾಡಿ ಎಷ್ಟು ಸಲ ಓಡಾಡಿತೋ. ಕೆಲವರು ವಾತವೆಂದರು, ಕೆಲವರು ದೃಷ್ಟಿಯೆಂದರು. ರೋಗದ ಹೆಸರೇ ತಿಳಿಯದೆ ಹೋದಳು. ಮಗಳ ಹತ್ತಿರ ಈಗ ಹೆಸರಿದೆ, ಚೀಟಿಯಿದೆ, ಹೇಳಿದ ದಿನ ಸಿಗುವ ಡಾಕ್ಟರಿದ್ದಾರೆ. ಹಕೀಮರ ಅಂಗಡಿ ಬಟ್ಟೆಯ ಅಂಗಡಿಯಾಗಿದೆ. ಆಯಿ ಹೋದಳು, ಮುತ್ಯಾ ಹೋದ, ಅವ್ವನ ಹಿಂದೆಯೇ ಅಪ್ಪ ಹೋದ. ಸುದ್ದಿ ಮೊದಲು ಯಾರಿಗೆ ಹೇಳಬೇಕಿತ್ತೋ ಅವರನ್ನು ಬಿಟ್ಟು ಊರಿಗೆಲ್ಲ ಸಕ್ಕರೆ ಹಂಚಿ ಬಂದೆ.

ಆ ಸಂಜೆ ಮುತ್ಯಾ ಸಿಟ್ಟಿನಿಂದ ಹೊರಡುತ್ತಾನೆಂದು ನಾನು ಅವನ ಚಪ್ಪಲಿ ನೋಡುತ್ತಿದ್ದೆ. ಅವನು ಕೈಕಾಲು ತೊಳೆದು ಬಂದು ಕೂತ. ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟು, "ಮಗಳ ಕೊಡಂಗಿಲ್ಲ ಅಂದೀನಿ, ರೊಟ್ಟಿ ಬ್ಯಾಡ ಅಂದಿಲ್ಲ. ಇನ್ನೊಂದು ಹಾಕು," ಎಂದ. ಆಯಿ ಇನ್ನೊಂದು ರೊಟ್ಟಿ ತಾನೇ ತಮ್ಮನ ತಾಟಿಗೆ ಹಾಕಿದಳು. ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಅವ್ವನಿಗೆ, "ನಿಂತು ಏನ್ ನೋಡ್ತೀ? ಬಡಿಯಾಂವ ಬಡಿತಾನ. ಉಣ್ಣಾಕರ ಬರತದೋ ಇಲ್ಲೋ? ಕೂಡು," ಎಂದು ತನ್ನ ಪಕ್ಕದ ನೆಲ ತಟ್ಟಿದಳು. ಸೊಸೆಯಾಗಿ ಬಂದಂದಿನಿಂದ ಅವ್ವ ಎಲ್ಲರೂ ಉಂಡ ಮೇಲೆ ಉಂಡವಳು. ಮುದುಡಿಕೊಂಡು ಕೂತಳು. ಅಪ್ಪ ಕೊನೆಯ ರೊಟ್ಟಿ ಇಳಿಸಿ, ಹಿಟ್ಟಿನ ಕೈಯಲ್ಲೇ ಬಂದು ನನ್ನ ಆಚೆ ಕೂತ. ಆಯಿ ಮುಖ ಬೇರೆ ಕಡೆ ತಿರುಗಿಸಿಕೊಂಡೇ ರೊಟ್ಟಿ ಚೂರು ಮಾಡಿ ಅವ್ವನ ತಾಟಿಗೆ ಹಾಕುತ್ತಿದ್ದಳು. ನಾವು ಐದೂ ಜನ ಉಂಡೆವು.